ಮಿದುಳಿನ ಲೋಹದ ಲೆಕ್ಕ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಟ್ಟವಿಳಿಯುವ ರೈಲು ದೋಣಿಗಾಲ್, ಕಡಗರವಳ್ಳಿಗಳನ್ನು ದಾಟಿದ ಮೇಲೆ ಎಡಕುಮೇರಿ ಎಂಬ ನಿಲ್ದಾಣವನ್ನು ಮುಟ್ಟುತ್ತದೆ. ಊರು ಎನ್ನುವಂಥ ಊರು ಅಲ್ಲಿಲ್ಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಮರಿ, ನಡುವೆ ನಿಲ್ದಾಣದ ಕಟ್ಟಡ, ರೈಲ್ವೆ ನೌಕರರ ಕೆಲವು ವಸತಿಗಳು, ಉಳಿದದ್ದೆಲ್ಲ ಕಾಡು. 1979ರಲ್ಲಿ ಈ ಹಾದಿ ಸಂಚಾರಕ್ಕೆ ತೆರೆದಾಗ ಅಲ್ಲಿ ಹಳಿ ಕಾಯುತ್ತಿದ್ದವರಲ್ಲಿ ನನ್ನ ದೊಡ್ಡಪ್ಪನೂ ಒಬ್ಬರು. ಅವರ ಕೆಲಸಕ್ಕೆ ಕೀಮನ್ ಎಂದು ಹೆಸರು. ಹೆಗಲ ಮೇಲೆ ಸುತ್ತಿಗೆ ಹೊತ್ತು, ತಮ್ಮ ಪಾಲಿನ ಹಳಿಯುದ್ದಕ್ಕೂ ದಿನವೂ ನಡೆದು, ಸಡಿಲಗೊಂಡ ಕೀಲುಗಳನ್ನು ಬಡಿದು ಬಿಗಿಮಾಡುವುದು. ಯಾವ ಸುರಂಗದ ಬಾಯಲ್ಲಿ ನೀರು ಜಿನುಗುತ್ತದೆ, ಯಾವ ತಿರುವಿನಲ್ಲಿ ಆನೆ ಹಳಿ ದಾಟುತ್ತದೆ ಎಂಬುದನ್ನೆಲ್ಲ ಅವರು ಕಣ್ಣು ಮುಚ್ಚಿ ಹೇಳಬಲ್ಲವರಾಗಿದ್ದರು.

ಅಂಥವರು 2009ರ ಮಳೆಗಾಲದಲ್ಲಿ, ದೋಣಿಗಾಲಿನ ಬಳಿಯ ನಮ್ಮ ಮನೆಯಲ್ಲಿ, ಜಗಲಿಯಿಂದ ಬಚ್ಚಲಿಗೆ ಹೋಗುವ ದಾರಿ ತಪ್ಪಿದರು. ಮೊದಲು ನಾವು ನಕ್ಕೆವು. ಹದಿನೈದು ದಿನ ಕಳೆಯುವಷ್ಟರಲ್ಲಿ ಮಗಳ ಹೆಸರು ಮರೆಯಿತು, ಹೆಜ್ಜೆ ತಟ್ಟಾಡತೊಡಗಿತು, ಪಾತ್ರೆಯೊಂದು ನೆಲಕ್ಕೆ ಬಿದ್ದರೆ ಮೈಯೆಲ್ಲ ಬೆಚ್ಚಿ ಬೀಳುವುದು, ಕೈಕಾಲುಗಳು ತಮ್ಮಷ್ಟಕ್ಕೆ ಸೆಳೆದು ಕುಪ್ಪಳಿಸುವುದು ಆರಂಭವಾಯಿತು. ಬೆಂಗಳೂರಿನಲ್ಲಿ ಮಿದುಳಿನ ವಿದ್ಯುತ್ ಅಲೆಗಳ ಪಟವನ್ನೂ ಸ್ಕ್ಯಾನಿನ ಚಿತ್ರವನ್ನೂ ನೋಡಿದ ವೈದ್ಯರು ಚೀಟಿಯ ಮೇಲೆ ಎರಡು ಜರ್ಮನ್ ಹೆಸರುಗಳನ್ನು ಬರೆದುಕೊಟ್ಟು, ಮನೆಗೆ ಕರೆದುಕೊಂಡು ಹೋಗಿ ಎಂದರು. ಗೌರಿಹಬ್ಬಕ್ಕೆ ಮೊದಲು ಮಾತು ನಿಂತಿತು. ದೀಪಾವಳಿಗೆ ಅವರು ಇರಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದು ಕೇಳಿದರು: “ನೀನು ಸೈನ್ಸ್ ಮೇಷ್ಟ್ರಲ್ವೇನೋ ಮಗ, ನಿಜ ಹೇಳು. ಅವರಿಗೆ ತಾಮ್ರ ತಲೆಗೆ ಹತ್ತಿತಾ?”

ಈ ಪ್ರಶ್ನೆ ಎಲ್ಲಿಂದ ಬಂತೆಂಬುದನ್ನು ಕಾಫಿ ಸೀಮೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. 1996ರಲ್ಲಿ ಹಳಿಯನ್ನು ಅಗಲಗೊಳಿಸಲೆಂದು ಘಟ್ಟದ ರೈಲು ನಿಂತಾಗ ದೊಡ್ಡಪ್ಪನಿಗೆ ಬಯಲುಸೀಮೆಗೆ ವರ್ಗವಾಯಿತು. ನಿವೃತ್ತರಾಗಿ ಊರಿಗೆ ಮರಳಿದವರು ಸುಮ್ಮನೆ ಕೂಡಲಾರದೆ ತೋಟವೊಂದರಲ್ಲಿ ಔಷಧಿ ಹೊಡೆಸುವ ಉಸ್ತುವಾರಿಗೆ ಸೇರಿದರು. ನಮ್ಮ ಕಡೆ ಔಷಧಿ ಎಂದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಈ ಮದ್ದನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದವರು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಸಾಹೇಬರು. ಮೈಲುತುತ್ತವೆಂದರೆ ತಾಮ್ರದ ಉಪ್ಪು. ದೊಡ್ಡಪ್ಪನ ಉಗುರಿನ ಸಂದಿಯಲ್ಲಿ ಮೇ ತಿಂಗಳಿನಿಂದಲೇ ಆ ನೀಲಿ ಕೂತಿರುತ್ತಿತ್ತು. ಸಾಲದ್ದಕ್ಕೆ, ಮನೆಯಲ್ಲಿ ಸ್ನಾನಕ್ಕೆ ತಾಮ್ರದ ಹಂಡೆ, ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯಲು ತಾಮ್ರದ ಚೊಂಬು. ಆ ಚೊಂಬಿಗೆ ನೀರು ತುಂಬಿಡುತ್ತಿದ್ದವರು ಸ್ವತಃ ದೊಡ್ಡಮ್ಮ. ಅವರು ಕೇಳಿದ್ದು ದೊಡ್ಡಪ್ಪನ ಕಾಯಿಲೆಯ ವಿಚಾರವನ್ನಷ್ಟೇ ಅಲ್ಲ ಎಂಬುದು ನನಗೆ ಅಂದು ತಿಳಿಯಲಿಲ್ಲ.

“ಗೊತ್ತಿಲ್ಲ ದೊಡ್ಡಮ್ಮ” ಎಂದುಬಿಟ್ಟೆ. ಅದು ನಿಜವೇ ಆಗಿತ್ತು. ಆ ಪ್ರಶ್ನೆಯ ಹಿಂದೆ ಬಿದ್ದು ನಾನು ತಿಳಿದುಕೊಂಡದ್ದನ್ನು ಈ ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಚೀಟಿಯ ಮೇಲಿದ್ದ ಹೆಸರು ಕ್ರಾಯ್ಟ್ಸ್‌ಫೆಲ್ಟ್–ಯಾಕೊಬ್ ರೋಗ. 1920 ಮತ್ತು 1921ರಲ್ಲಿ ಇದನ್ನು ಮೊದಲು ವರ್ಣಿಸಿದ ಇಬ್ಬರು ಜರ್ಮನ್ ವೈದ್ಯರ ಹೆಸರುಗಳವು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ. ಬಹುಮಟ್ಟಿಗೆ ಅರವತ್ತರ ಆಸುಪಾಸಿನವರಿಗೆ, ಯಾವ ಕಾರಣವನ್ನೂ ತೋರದೆ ಬರುತ್ತದೆ. ನೂರರಲ್ಲಿ ಹತ್ತು ಹದಿನೈದು ಮಂದಿಗೆ ಮಾತ್ರ ವಂಶದಿಂದ ಇಳಿದದ್ದು. ಭಾರತದಲ್ಲಿ ಇದು ಇಲ್ಲವೆಂದೇ ಎಷ್ಟೋ ಮಂದಿ ಭಾವಿಸಿದ್ದ ಕಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥ ರೋಗಿಗಳ ದಾಖಲೆಯನ್ನು ಇಟ್ಟುಕೊಂಡು ಬಂದಿತು. 1971ರಿಂದ 1990ರವರೆಗಿನ ಭಾರತದ ಪ್ರಕರಣಗಳನ್ನು ಕಲೆಹಾಕಿ ಅಲ್ಲಿನ ಪಿ. ಸತೀಶ್ಚಂದ್ರ ಮತ್ತು ಎಸ್. ಕೆ. ಶಂಕರ್ ಅವರು 1991ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ನಮ್ಮ ದೇಶದ ಮೊದಲ ಲೆಕ್ಕಪುಸ್ತಕಗಳಲ್ಲಿ ಒಂದೆನ್ನಬಹುದು.

ಈ ರೋಗದಲ್ಲಿ ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಅದು ಸ್ಪಂಜಿನಂತೆ ರಂಧ್ರಮಯವಾಗಿ ಕಾಣುತ್ತದೆ. ಕುರಿಗಳಲ್ಲಿ ಸ್ಕ್ರೇಪಿ ಎಂಬ ಇಂಥದೇ ರೋಗ ಯೂರೋಪಿನ ಕುರುಬರಿಗೆ ಹದಿನೆಂಟನೆಯ ಶತಮಾನದಿಂದಲೂ ಪರಿಚಿತ. ನ್ಯೂಗಿನಿಯ ಫೋರೆ ಜನರಲ್ಲಿ ಕುರು ಎಂಬುದು ಇನ್ನೊಂದು. ಸತ್ತ ಬಂಧುಗಳ ದೇಹವನ್ನು ಗೌರವದಿಂದ ಭಕ್ಷಿಸುವ ಪದ್ಧತಿಯಿಂದ ಅದು ಹರಡುತ್ತಿತ್ತು. ಇವಕ್ಕೆಲ್ಲ ಕಾರಣವಾದ ರೋಗಾಣುವನ್ನು ಹುಡುಕಿದವರಿಗೆ ಯಾವ ಅಣುಜೀವಿಯೂ ಸಿಗಲಿಲ್ಲ. 1982ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಪ್ರೂಸಿನರ್ ಎಂಬ ವಿಜ್ಞಾನಿ, ರೋಗವನ್ನು ಹರಡುವುದು ಜೀವಿಯಲ್ಲ, ಕೇವಲ ಒಂದು ಪ್ರೋಟೀನು ಎಂದು ಹೇಳಿ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟಾಗ ನಕ್ಕವರೇ ಹೆಚ್ಚು. ಹದಿನೈದು ವರ್ಷಗಳ ಮೇಲೆ ನೊಬೆಲ್ ಪಾರಿತೋಷಕ ಬಂದಿತು. ನಕ್ಕವರಲ್ಲಿ ಎಷ್ಟೋ ಮಂದಿ ಆಗಲೂ ಪೂರ್ತಿ ಒಪ್ಪಿರಲಿಲ್ಲವೆನ್ನಿ.

ಪ್ರೋಟೀನೊಂದು ಕೆಡುವುದೆಂದರೇನು? ಮಲೆನಾಡಿನವರಿಗೆ ಕಂಬಳಿಯ ದೃಷ್ಟಾಂತ ಸಾಕು. ಒಂದೇ ಕಂಬಳಿ, ಅದನ್ನು ಕೊಪ್ಪೆಯಾಗಿ ಮಡಿಚಿದರೆ ಮಳೆ ಜಾರಿಹೋಗುತ್ತದೆ. ಬೇರೆ ರೀತಿ ಮಡಿಚಿದರೆ ನೀರು ಹೀರಿ ಹೆಗಲಿಗೆ ಭಾರವಾಗುತ್ತದೆ. ನೂಲು ಅದೇ, ನೇಯ್ಗೆ ಅದೇ, ಮಡಿಕೆ ಮಾತ್ರ ಬೇರೆ. ನಮ್ಮ ಪ್ರತಿಯೊಂದು ನರಕೋಶದ ಹೊರಮೈಗೂ ಅಂಟಿಕೊಂಡಿರುವ ಒಂದು ಪ್ರೋಟೀನು ಸರಿಯಾದ ಮಡಿಕೆಯಲ್ಲಿರುವಾಗ ಯಾರಿಗೂ ತೊಂದರೆಯಿಲ್ಲ. ಎಲ್ಲೋ ಒಂದು ಅಣುವಿನ ಮಡಿಕೆ ತಪ್ಪಿತೆನ್ನಿ. ತಪ್ಪಿದ್ದು ಪಕ್ಕದ್ದನ್ನೂ ತನ್ನಂತೆಯೇ ಮಡಿಚುತ್ತದೆ, ಅದು ಇನ್ನೊಂದನ್ನು. ಕಂಬಳಿಗೆ ಈ ದುರ್ಗುಣವಿಲ್ಲವೆಂಬುದು ನಮ್ಮ ಪುಣ್ಯ. ಹೀಗೆ ಮಡಿಕೆ ತಪ್ಪಿದ ಅಣುಗಳು ಕರಗದೆ, ಜೀರ್ಣವಾಗದೆ ಗುಡ್ಡೆಬೀಳುತ್ತವೆ, ನರಕೋಶಗಳು ಸಾಯುತ್ತವೆ. ಶಸ್ತ್ರೋಪಕರಣಗಳನ್ನು ಸಾಧಾರಣ ಕ್ರಮದಲ್ಲಿ ಕುದಿಸಿದರೂ ಇದು ನಾಶವಾಗದು. ಆದರೆ ಮುಟ್ಟಿದರೆ, ಒಟ್ಟಿಗೆ ಉಂಡರೆ, ಶವಕ್ಕೆ ಸ್ನಾನ ಮಾಡಿಸಿದರೆ ಅಂಟುವುದಿಲ್ಲ. ದೊಡ್ಡಪ್ಪನ ಹೆಣಕ್ಕೆ ಹೆಗಲು ಕೊಡಲು ನಮ್ಮೂರಿನಲ್ಲಿ ಮೂರೇ ಮಂದಿ ಮುಂದೆ ಬಂದದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇಷ್ಟರಲ್ಲಿ ಲೋಹಕ್ಕೇನು ಕೆಲಸ?

ಲೋಹವಿಲ್ಲದೆ ಮಿದುಳಿಲ್ಲ. ದೊಡ್ಡವರೊಬ್ಬರ ಮೈಯಲ್ಲಿ ಮೂರು ನಾಲ್ಕು ಗ್ರಾಂ ಕಬ್ಬಿಣ, ಎರಡು ಗ್ರಾಂನಷ್ಟು ಸತು, ನೂರು ಮಿಲಿಗ್ರಾಂನ ಸುಮಾರು ತಾಮ್ರ, ಹತ್ತಿಪ್ಪತ್ತು ಮಿಲಿಗ್ರಾಂ ಮ್ಯಾಂಗನೀಸ್ ಇರುತ್ತವೆ. ನರಕೋಶ ಉಸಿರನ್ನು ಶಕ್ತಿಯಾಗಿ ಮಾರ್ಪಡಿಸುವುದೂ, ಆ ಉರಿಯಿಂದ ಹುಟ್ಟುವ ಕಿಡಿಗಳನ್ನು ಆರಿಸುವುದೂ ಈ ಲೋಹಗಳ ಸಹಾಯದಿಂದಲೇ. ಆದರೆ ಇವೇ ಲೋಹಗಳು ಹಿಡಿತವಿಲ್ಲದೆ ಅಲೆದಾಡಿದರೆ ಕಿಡಿ ಹಚ್ಚುವವೂ ಹೌದು. ಆದ್ದರಿಂದ ದೇಹ ಒಂದು ಕಣ ತಾಮ್ರವನ್ನೂ ಬಿಡಿಯಾಗಿ ಬಿಡುವುದಿಲ್ಲ. ಒಂದು ಪ್ರೋಟೀನಿನ ಕೈಯಿಂದ ಇನ್ನೊಂದರ ಕೈಗೆ, ಸಹಿ ಹಾಕಿಸಿಕೊಂಡು ದಾಟಿಸುತ್ತದೆ.

1997ರಲ್ಲಿ ಡೇವಿಡ್ ಬ್ರೌನ್ ಮತ್ತು ಸಂಗಡಿಗರು ನಮ್ಮ ಕಥಾನಾಯಕ ಪ್ರೋಟೀನು ತಾಮ್ರವನ್ನು ಹಿಡಿದುಕೊಳ್ಳುತ್ತದೆ ಎಂದು ತೋರಿಸಿದರು. ಅದರ ಒಂದು ತುದಿಯಲ್ಲಿ ಎಂಟೆಂಟು ಅಮೈನೋ ಆಮ್ಲಗಳ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಅಲ್ಲಿ ತಾಮ್ರ ಬಂದು ಕೂರುತ್ತದೆ. ಕೂತೊಡನೆ ಪ್ರೋಟೀನು ಕೋಶದ ಒಳಕ್ಕೆ ಸರಿಯುತ್ತದೆಂದು ಮುಂದೆ ಗೊತ್ತಾಯಿತು. ನರಕೋಶಗಳು ಪರಸ್ಪರ ಸಂಧಿಸುವೆಡೆಯಲ್ಲಿ ತಾಮ್ರದ ಹುಡಿ ಚೆಲ್ಲಿಹೋಗದಂತೆ ಕಾಯುವ ಕಾವಲುಗಾರನೇ ಇದು? ತಾಮ್ರವನ್ನು ಒಳಗೊಯ್ಯುವ ಕೂಲಿಯೇ? ಈ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಈ ಪ್ರೋಟೀನೇ ಇಲ್ಲದಂತೆ ಮಾಡಿದ ಇಲಿಗಳು 1992ರಲ್ಲಿ ಹುಟ್ಟಿ, ಹೆಚ್ಚೇನೂ ತೊಂದರೆಯಿಲ್ಲದೆ ಬದುಕಿದವೆಂಬುದು ಎರಡು ಪಕ್ಷದವರಿಗೂ ಕಿರಿಕಿರಿಯ ಸಂಗತಿ.

ರೋಗ ಬಂದಾಗ ಏನಾಗುತ್ತದೆ? ಇಲ್ಲಿ ದೊಡ್ಡಪ್ಪನ ಕತ್ತಿಯ ಪರೀಕ್ಷೆಯನ್ನು ನೆನೆಯುತ್ತೇನೆ. ಬೋರ್ಡೋ ಹದವಾಗಿದೆಯೆ ಎಂದು ತಿಳಿಯಲು ಅವರು ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಡ್ರಮ್ಮಿನೊಳಗೆ ಅದ್ದಿ ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪು ಮೂಡಿದರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ಎಂದರೆ ತಾಮ್ರ. ಕತ್ತಿಯ ಕಬ್ಬಿಣ ನೀರಿಗಿಳಿದು, ನೀರಿನಲ್ಲಿದ್ದ ತಾಮ್ರ ಅದರ ಜಾಗದಲ್ಲಿ ಬಂದು ಕೂತಿದೆ. ಲೋಹಗಳ ಸ್ವಭಾವವೇ ಹೀಗೆ, ಅವು ಒಂದರ ಪೀಠವನ್ನು ಇನ್ನೊಂದು ಹಿಡಿಯುತ್ತವೆ. ಮಿದುಳಿನಲ್ಲಿ ನಡೆಯುವ ರಸಾಯನಕ್ರಿಯೆ ಇದೇ ಅಲ್ಲ, ಆದರೆ ಪೀಠ ತಪ್ಪುವ ಕಥೆ ಇದನ್ನೇ ಹೋಲುತ್ತದೆ. 2000ನೆಯ ಇಸವಿಯಲ್ಲಿ ಬ್ರೌನರ ಗುಂಪು, ಪ್ರಯೋಗನಳಿಕೆಯಲ್ಲಿ ತಾಮ್ರದ ಜಾಗಕ್ಕೆ ಮ್ಯಾಂಗನೀಸ್ ಕೂಡಿಸಿದಾಗ ಆ ಪ್ರೋಟೀನು ಕಾಲಕ್ರಮದಲ್ಲಿ ಮಡಿಕೆ ಬದಲಿಸಿ ಹಠಮಾರಿಯಾಗುತ್ತದೆಂದು ಕಂಡಿತು. ಮರುವರ್ಷ, ಈ ರೋಗದಿಂದ ಸತ್ತ ಮನುಷ್ಯರ ಮಿದುಳಿನಿಂದಲೇ ತೆಗೆದ ಪ್ರಿಯಾನ್ ಪ್ರೋಟೀನನ್ನು ಪರೀಕ್ಷಿಸಿದಾಗ, ಅದಕ್ಕಂಟಿದ್ದ ತಾಮ್ರ ಬಹಳ ಕಡಮೆಯಾಗಿತ್ತು. ಮ್ಯಾಂಗನೀಸ್ ಮತ್ತು ಸತು ಹೆಚ್ಚಿದ್ದವು. 2002ರಲ್ಲಿ, ರೋಗ ಅಂಟಿಸಿದ ಇಲಿಗಳಲ್ಲಿ ಹೊರಲಕ್ಷಣಗಳು ಕಾಣುವುದಕ್ಕೆ ಮೊದಲೇ ಈ ಏರುಪೇರು ಆರಂಭವಾಗುತ್ತದೆಂಬ ವರದಿ ಬಂತು.

ದೊಡ್ಡಮ್ಮನ ಪ್ರಶ್ನೆಗೆ ಇಷ್ಟರಲ್ಲೇ ಅರ್ಧ ಉತ್ತರವಿದೆ. ಅವರು ಅಂಜಿದ್ದು ತಾಮ್ರ ಹೆಚ್ಚಾಯಿತೆಂದು. ಅಳೆದವರಿಗೆ ಕಂಡದ್ದು, ಇರಬೇಕಾದ ಕಡೆ ತಾಮ್ರ ಇಲ್ಲವೆಂಬುದು.

ಕಬ್ಬಿಣದ ಕಥೆ ಇನ್ನೂ ವಿಚಿತ್ರ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನೀನಾ ಸಿಂಗ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 2009ರಲ್ಲಿ (ನಮ್ಮ ಮನೆಯಲ್ಲಿ ದೊಡ್ಡಪ್ಪ ದಾರಿ ತಪ್ಪಿದ ವರ್ಷವದು) ಒಂದು ಸಂಶೋಧನೆಯನ್ನು ಪ್ರಕಟಿಸಿದರು. ರೋಗಿಗಳ ಮಿದುಳಿನಲ್ಲಿ ಕಬ್ಬಿಣ ಇದೆ. ಆದರೂ ನರಕೋಶಗಳು ಕಬ್ಬಿಣ ಸಾಲದೆ ಹಸಿದಂತೆ ವರ್ತಿಸುತ್ತವೆ. ಏಕೆಂದರೆ ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ಎಂಬ ಉಗ್ರಾಣವೇ ಪ್ರಿಯಾನಿನ ಗುಡ್ಡೆಯೊಳಗೆ ಸಿಕ್ಕಿಕೊಂಡಿದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು, ಘಟ್ಟದ ರೈಲುಗಳು ನಿಂತುಹೋದದ್ದು ನಿಮಗೆ ನೆನಪಿರಬಹುದು. ಅಕ್ಕಿ ಹೇರಿದ ಗಾಡಿಯೊಂದು ಅಂಥ ಕುಸಿತದಾಚೆ ಸಿಕ್ಕಿಬಿದ್ದಿದೆಯೆನ್ನಿ. ದಾಖಲೆಯಲ್ಲಿ ಅಕ್ಕಿ ಇದೆ, ಒಲೆಯ ಮೇಲೆ ಎಸರು ಬರಿದೇ ಕುದಿಯುತ್ತದೆ. ಹಸಿದ ಕೋಶಗಳು ಇನ್ನೂ ಕಬ್ಬಿಣ ಬೇಕೆಂದು ಕೂಗಿ ತರಿಸಿಕೊಳ್ಳುತ್ತವೆ. ಅದೂ ಗುಡ್ಡೆಗೇ ಸೇರುತ್ತದೆ. ಹೀಗೆ ಕಬ್ಬಿಣ ಹೊರುವ ಪ್ರೋಟೀನು ರೋಗಿಯ ಬೆನ್ನುಹುರಿಯ ನೀರಿನಲ್ಲಿ ಕಡಮೆಯಾಗುವುದರಿಂದ, ಬದುಕಿರುವಾಗಲೇ ರೋಗ ಪತ್ತೆಹಚ್ಚಲು ಅದು ನೆರವಾಗಬಹುದೆಂದು ಇದೇ ಗುಂಪು ಆನಂತರ ಸೂಚಿಸಿತು.

ಹಾಗಾದರೆ ಲೋಹದ ಏರುಪೇರು ರೋಗದ ಕಾರಣವೋ, ರೋಗದ ಫಲವೋ? ಕಾರಣವೆಂದು ಬಲವಾಗಿ ನಂಬಿದವರಲ್ಲಿ ಮಾರ್ಕ್ ಪರ್ಡಿ ಎಂಬ ಇಂಗ್ಲೆಂಡಿನ ಹೈನುಗಾರ ನನಗೆ ಮರೆಯಲಾಗದ ವ್ಯಕ್ತಿ. ದನಗಳ ಬೆನ್ನಿಗೆ ಕೀಟನಾಶಕ ಸುರಿಯಬೇಕೆಂಬ ಸರ್ಕಾರದ ಆಜ್ಞೆಯನ್ನು ಆತ ಒಪ್ಪಲಿಲ್ಲ. 1986ರಲ್ಲಿ ಬ್ರಿಟನ್ನಿನ ದನಗಳಲ್ಲಿ ಹುಚ್ಚುಹಸು ರೋಗ ಕಾಣಿಸಿಕೊಂಡಾಗ, ಕೀಟನಾಶಕ ಮಿದುಳಿನ ತಾಮ್ರವನ್ನು ಕಸಿಯಿತು, ಮಣ್ಣಿನ ಮ್ಯಾಂಗನೀಸ್ ಆ ಜಾಗ ಹಿಡಿಯಿತು ಎಂದು ವಾದಿಸಿದ. ಐಸ್‌ಲ್ಯಾಂಡಿನಿಂದ ಅಮೆರಿಕದ ಕೊಲರಾಡೋವರೆಗೆ ಅಲೆದು, ರೋಗವಿದ್ದ ಕಡೆಯ ಮಣ್ಣು ತಂದು ಅಳೆಸಿದ. 2000ದಲ್ಲಿ ಬ್ರಿಟನ್ನಿನ ವಿಚಾರಣಾ ಆಯೋಗ ಕೀಟನಾಶಕವೇ ಮೂಲವೆಂಬ ವಾದವನ್ನು ಒಪ್ಪಲಿಲ್ಲ. ರೋಗ ಹರಡಿದ್ದು ದನಗಳಿಗೆ ದನಗಳದೇ ಮಾಂಸ ಮೂಳೆಯ ಹಿಟ್ಟು ತಿನ್ನಿಸಿದ್ದರಿಂದ ಎಂಬುದು ಸ್ಥಿರವಾಯಿತು. 2006ರಲ್ಲಿ ತೀರಿಕೊಂಡ ಪರ್ಡಿಯನ್ನು ಹುಂಬನೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆತನ ಪ್ರಶ್ನೆಯೂ ದೊಡ್ಡಮ್ಮನ ಪ್ರಶ್ನೆಯೂ ಒಂದೇ ಹೊಲದಲ್ಲಿ ಹುಟ್ಟಿದವು: ಕಣ್ಣೆದುರಿಗೆ ಸುರಿದ ಮದ್ದು, ಕಣ್ಣೆದುರಿಗೆ ಸತ್ತ ಜೀವ. ನಡುವೆ ಗೆರೆ ಎಳೆಯದೆ ಇರುವುದು ಹೇಗೆ?

ಪ್ರಯೋಗಗಳು ಈ ಗೆರೆಯನ್ನು ಎತ್ತೆತ್ತಲೋ ಎಳೆದಿವೆ. 1971ರಲ್ಲೇ ಬ್ರಿಟನ್ನಿನಲ್ಲಿ ಪ್ಯಾಟಿಸನ್ ಎಂಬವರು, ತಾಮ್ರವನ್ನು ಕಟ್ಟಿಹಾಕುವ ಕ್ಯುಪ್ರಿಜೋನ್ ಎಂಬ ರಾಸಾಯನಿಕವನ್ನು ಇಲಿಗಳಿಗೆ ತಿನ್ನಿಸಿದಾಗ ಅವುಗಳ ಮಿದುಳು ಸ್ಕ್ರೇಪಿಯಲ್ಲಾಗುವಂತೆಯೇ ರಂಧ್ರಮಯವಾದದ್ದನ್ನು ಕಂಡಿದ್ದರು. ತಾಮ್ರ ಕಡಮೆಯಾದದ್ದೇ ಮೂಲವೆನ್ನಲು ಇನ್ನೇನು ಬೇಕು? ಆದರೆ ಹೋಲಿಕೆ ರಂಧ್ರಗಳವರೆಗೆ ಮಾತ್ರ. ಸ್ಕ್ರೇಪಿಯಂತೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುವ ಗುಣ ಅದಕ್ಕಿಲ್ಲ. ಇನ್ನು 2003ರ ಎರಡು ವರದಿಗಳನ್ನು ನೋಡಿ. ಒಂದರಲ್ಲಿ, ತಾಮ್ರವನ್ನು ಮೈಯಿಂದ ಹೊರಹಾಕುವ ಪೆನಿಸಿಲಮಿನ್ ಕೊಟ್ಟ ಇಲಿಗಳಲ್ಲಿ ರೋಗ ತಡವಾಗಿ ಬಂತು. ಇನ್ನೊಂದರಲ್ಲಿ, ತಾಮ್ರವನ್ನೇ ಕೊಟ್ಟ ಹ್ಯಾಮ್‌ಸ್ಟರುಗಳಲ್ಲಿ ರೋಗ ತಡವಾಗಿ ಬಂತು! ತೆಗೆದರೂ ತಡ, ಕೊಟ್ಟರೂ ತಡ. ನನಗೆ ತೋರುವುದಿಷ್ಟು: ಇದು ಒಂದು ಲೋಹದ ಹೆಚ್ಚುಕಡಮೆಯ ಪ್ರಶ್ನೆಯಲ್ಲ. ಕಾವಲುಗಾರನೇ ಕೆಟ್ಟ ಮೇಲೆ ಉಗ್ರಾಣದ ಲೆಕ್ಕ ತಪ್ಪುತ್ತದೆ. ತಪ್ಪಿದ ಲೆಕ್ಕ ಉಳಿದ ಕಾವಲುಗಾರರನ್ನೂ ಕೆಡಿಸುತ್ತದೆ. ಲೋಹ ರೋಗವನ್ನು ಹೊತ್ತಿಸಿತೆನ್ನಲು ಆಧಾರ ಸಾಲದು, ಹೊತ್ತಿದ್ದಕ್ಕೆ ಗಾಳಿ ಹಾಕಿತೆನ್ನಲು ಆಧಾರವುಂಟು.

ತಾಮ್ರವೇ ನಿಜವಾದ ಅಪರಾಧಿಯಾದ ರೋಗ ಬೇರೊಂದಿದೆ. ಅದನ್ನು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. 1987ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲೊಬ್ಬ ಹುಡುಗನಿದ್ದ. ಮುತ್ತು ಪೋಣಿಸಿದಂಥ ಅಕ್ಷರ. ದಸರಾ ರಜೆಯ ಈಚೆಗೆ ಬರವಣಿಗೆ ಕಾಗೆಕಾಲಾಯಿತು, ಮಾತು ತೊದಲಿತು, ಬಾಯಿಯ ಅಂಚಿನಲ್ಲಿ ಜೊಲ್ಲು. ಸೋಮಾರಿತನವೆಂದು ಬಗೆದು ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ, ಒಂದು ದಿನವಲ್ಲ, ಹಲವು ದಿನ. ಮರುವರ್ಷ ಬೆಂಗಳೂರಿನಲ್ಲಿ ಅವನ ಕಣ್ಣಿನ ಕಪ್ಪಿನ ಸುತ್ತ ಕಂದುಹಸುರು ಉಂಗುರವನ್ನು ಕಂಡು ವಿಲ್ಸನ್ ರೋಗವೆಂದರು. 1912ರಲ್ಲಿ ಕಿನಿಯರ್ ವಿಲ್ಸನ್ ವರ್ಣಿಸಿದ ಈ ರೋಗದಲ್ಲಿ, ಊಟದಿಂದ ಬಂದ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕಲು ಯಕೃತ್ತಿಗೆ ಆಗುವುದಿಲ್ಲ. ತಾಮ್ರ ಯಕೃತ್ತಿನಲ್ಲೂ ಮಿದುಳಿನಲ್ಲೂ ಸೇರುತ್ತ ಹೋಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ರೋಗ. ಆದ್ದರಿಂದ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಮನೆತನಗಳಲ್ಲಿ ಅದರ ಸಂಭವ ಹೆಚ್ಚು. ಆ ಹುಡುಗನ ತಂದೆತಾಯಿಯೂ ಅಂಥ ಸಂಬಂಧದವರೇ. ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ಇಂಥ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಇದಕ್ಕೆ ಮದ್ದಿದೆ. 1956ರಲ್ಲಿ ಜಾನ್ ವಾಲ್ಷ್ ಬಳಕೆಗೆ ತಂದ ಪೆನಿಸಿಲಮಿನ್ ತಾಮ್ರವನ್ನು ಮೂತ್ರದಲ್ಲಿ ಹೊರಗೆಳೆಯುತ್ತದೆ, ಸತುವಿನ ಮಾತ್ರೆ ಅದನ್ನು ಕರುಳಿನಲ್ಲೇ ತಡೆಯುತ್ತದೆ. ಬದುಕಿರುವವರೆಗೂ ನುಂಗಬೇಕು. ಆ ಹುಡುಗ ನುಂಗುತ್ತಿದ್ದಾನೆ. ಐವತ್ತು ದಾಟಿದೆ, ಅಂಗಡಿ ನಡೆಸುತ್ತಾನೆ, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಅವನು ಎದ್ದು ನಿಂತಾಗಲೆಲ್ಲ ನನಗೆ ಆ ಬೆಂಚು ಕಾಣುತ್ತದೆ.

ಹದಿಹರೆಯದವರ ಕೈ ನಡುಗಿ, ಅಕ್ಷರ ಕೆಟ್ಟು, ಮಾತು ತೊದಲಿದರೆ ಕಣ್ಣನ್ನೂ ರಕ್ತವನ್ನೂ ಪರೀಕ್ಷಿಸಲೇಬೇಕು. ಅಂಥವರ ಮನೆಯಲ್ಲಿ ತಾಮ್ರದ ಚೊಂಬಿನ ನೀರು ಬೇಡ. ಅರವತ್ತು ದಾಟಿದವರ ಬುದ್ಧಿ ವಾರವಾರಕ್ಕೆ ಕುಸಿದು ಮೈ ಬೆಚ್ಚಿಬೀಳತೊಡಗಿದರೆ ಅಲ್ಲಿ ಹಂಡೆ ಚೊಂಬುಗಳ ದೋಷವೇನೂ ಇಲ್ಲ. ಮೈಲುತುತ್ತ ವಿಷವಲ್ಲವೆಂದು ನಾನು ಹೇಳುತ್ತಿಲ್ಲ. ನುಂಗಿದರೆ ಅದು ಕೊಲ್ಲುತ್ತದೆ. ಆದರೆ ದೊಡ್ಡಪ್ಪನನ್ನು ಕೊಂದದ್ದು ಅದಲ್ಲ. ಲೋಹದ ಲೆಕ್ಕವನ್ನು ಸರಿಪಡಿಸಿ ಪ್ರಿಯಾನ್ ರೋಗಿಯನ್ನು ಉಳಿಸಬಲ್ಲ ಮದ್ದು ಈ ಹೊತ್ತಿಗೂ ಇಲ್ಲ. ಬಂದರೆ, ಸತ್ತವರ ಮಿದುಳನ್ನು ಬಂಧುಗಳು ಪರೀಕ್ಷೆಗೆ ಕೊಟ್ಟುದರಿಂದಲೇ ಬರಬೇಕು. ನಿಮ್ಹಾನ್ಸ್‌ನಲ್ಲಿ 1995ರಿಂದ ಅದಕ್ಕಾಗಿ ಮಿದುಳಿನ ಭಂಡಾರವೊಂದಿದೆ. ನಾವು ಕೊಡಲಿಲ್ಲ. ಕೇಳುವವರೂ ಹೇಳುವವರೂ ಆ ದಿನ ನಮ್ಮಲ್ಲಿ ಯಾರೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ಸ್ಟೀಲ್ ಲೋಟದಲ್ಲಿ ನೀರು ತಂದಿಟ್ಟರು. ಇಷ್ಟು ವರ್ಷ ತಡವಾಗಿ, ಮೇಲೆ ಹೇಳಿದ್ದನ್ನೆಲ್ಲ ಅವರ ಮಾತಿನಲ್ಲಿ ಹೇಳಿದೆ: ತಾಮ್ರ ತಲೆಗೆ ಹತ್ತಲಿಲ್ಲ, ಚೊಂಬಿನ ನೀರಿನಿಂದ ಏನೂ ಆಗಲಿಲ್ಲ, ನೀವು ಏನೂ ಮಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು. ಬಹಳ ಹೊತ್ತಿನ ಮೇಲೆ, “ಹಂಗಾದ್ರೆ ಆ ಹಂಡೇನ ಸುಮ್ಮನೆ ಮಾರ್‌ಬಿಟ್ನಲ್ಲೋ. ನಮ್ಮಮ್ಮ ತವರಿಂದ ಕಳಿಸಿದ್ದು” ಎಂದರು.

ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋಗಿದ್ದನಂತೆ. ತಿಥಿಯಾದ ಮೂರನೆಯ ದಿನ.